ಅವಳಿಗೆ ಮಾತ್ರ ದಾರಿ ಯಾಕೆ ಜಾಸ್ತಿ ದೂರ?

ಕೇರಳದ ಕಾಸರಗೋಡು ಜಿಲ್ಲೆಯ ಪೆರ್ಲದ ಹತ್ತಿರದ ಒಂದು ವಾಚನಾಲಯದಲ್ಲಿ ಭಾನುವಾರ ಮಧ್ಯಾಹ್ನ ಆಡಿದ ಮಾತುಗಳಿವು. ಬರಲಾಗದವರು ಕೇಳಿದರು ಅಂತ ಬರೆದಿದ್ದೇನೆ. ಮಾತಾಡುವಾಗ ಬಿಟ್ಟುಹೋದ ಒಂದೆರಡು ಸಂಗತಿ ಸೇರಿಸಿದ್ದೇನೆ. ಸಭೆ ಮುಗಿದ ಮೇಲೆ ನಡೆದದ್ದನ್ನು ಕೊನೆಯಲ್ಲಿ ಬರೆದಿದ್ದೇನೆ.

ಎಲ್ಲರಿಗೂ ನಮಸ್ಕಾರ. ಮುಂದಿನ ಸಾಲಿನಲ್ಲಿ ಕುಟುಂಬಶ್ರೀ ಸ್ವಸಹಾಯ ಗುಂಪಿನ ಅಕ್ಕಂದಿರು ಕೂತಿದ್ದೀರಿ. ಹಿಂದೆ ಪ್ಲಸ್ ಟು ಹುಡುಗಿಯರು. ಬಾಗಿಲ ಹತ್ತಿರ ನಾಲ್ಕೈದು ಗಂಡಸರು ನಿಂತಿದ್ದೀರಿ, ಒಳಗೆ ಬನ್ನಿ, ಕುರ್ಚಿ ಉಂಟು. ನಿಮಗೂ ಸೇರಿಯೇ ಹೇಳಬೇಕಾದ ಮಾತು ಇದು.

ಬೆಳೆಯುತ್ತಿರುವ ದೇಶಗಳಲ್ಲಿ ಹೆಣ್ಣುಮಕ್ಕಳ ಓದು ಮತ್ತು ಆರೋಗ್ಯದ ಬಗ್ಗೆ ಮಾತಾಡಿ ಅಂದಿದ್ದಾರೆ. ನಾನು ಡಾಕ್ಟರಲ್ಲ. 31 ವರ್ಷ ಕನ್ನಡ ಮಾಧ್ಯಮದ ಮಕ್ಕಳಿಗೆ ಗಣಿತ ಹೇಳಿಕೊಟ್ಟವಳು. ಹಾಗಾಗಿ ನನಗೆ ಗೊತ್ತಿರುವ ಒಂದು ಅಳತೆ ಹಿಡಿದುಕೊಂಡು ಮಾತಾಡುತ್ತೇನೆ. ಕಿಲೋಮೀಟರು. ಹುಡುಗನಿಗೂ ಹುಡುಗಿಗೂ ಒಂದು ಕಿಲೋಮೀಟರು ಒಂದೇ ಅಂತ ನಾನು ಪಾಠ ಮಾಡಿದ್ದೆ. ಹಾಗಲ್ಲ ಅಂತ ನನಗೆ ಮನೆಯಲ್ಲೇ ಗೊತ್ತಿತ್ತು.

ನನ್ನ ದೊಡ್ಡಮ್ಮ ಐದನೇ ಕ್ಲಾಸಿಗೆ ಶಾಲೆ ಬಿಟ್ಟರು. ಆಮೇಲಿನ ಶಾಲೆಗೆ ಹೋಗಬೇಕಾದರೆ ಗುಡ್ಡ ಇಳಿದು ಒಂದು ತೋಡು ದಾಟಬೇಕಿತ್ತು. ತೋಡಿಗೆ ಅಡಿಕೆ ಮರದ ಸಂಕ. ಆಟಿ ತಿಂಗಳ ಮಳೆಗೆ ಸಂಕದ ಮೇಲೆ ನೀರು ಹೋಗುತ್ತಿತ್ತು. ದೊಡ್ಡಮ್ಮನಿಗಿಂತ ಒಂದು ವರ್ಷ ಚಿಕ್ಕವನಾದ ಮಾವ ಅದೇ ಸಂಕ ದಾಟಿ ಓದಿದರು. ನೀರು ಜಾಸ್ತಿ ಆದ ದಿನ ಆಚೆ ದಡದ ಮನೆಯಲ್ಲಿ ಉಳಿದು ಮರುದಿನ ಬರುತ್ತಿದ್ದರು. ದೊಡ್ಡಮ್ಮ ಹಾಗೆ ಪರರ ಮನೆಯಲ್ಲಿ ಉಳಿಯುವ ಹಾಗಿತ್ತಾ? ಅಜ್ಜನಿಗೆ ಮಗಳ ಮೇಲೆ ಪ್ರೀತಿ ಕಮ್ಮಿ ಇರಲಿಲ್ಲ. ಅವರು ಹೇಳಿದ್ದು ಇಷ್ಟೇ: "ಹೆಣ್ಣು ಹುಡುಗಿ, ಸಂಕ ದಾಟಿ ಹೋಗುದು ಬೇಡ." ದೊಡ್ಡಮ್ಮ ಕೊನೆವರೆಗೂ ಹಳೆಯ ಪೇಪರಿನ ತುಂಡು ಸಿಕ್ಕಿದರೆ ನೇರ ಮಾಡಿ ಓದುತ್ತಿದ್ದರು. ದಿನಸಿ ಕಟ್ಟಿ ಕೊಟ್ಟ ಪೇಪರನ್ನೂ ಬಿಡುತ್ತಿರಲಿಲ್ಲ. ಬೆಲ್ಲದ ಅಂಟು ಇರುವ ಕಡೆ ಬೆರಳಿಟ್ಟು, ಮುಚ್ಚಿಹೋದ ಅಕ್ಷರ ಯಾವುದು ಅಂತ ನನ್ನನ್ನು ಕೇಳುತ್ತಿದ್ದರು.

ಇದು ನಮ್ಮ ಮನೆಯ ಕತೆ ಮಾತ್ರ ಅಂದುಕೊಂಡಿದ್ದೆ. ಬಿಹಾರದ ಲೆಕ್ಕ ಓದಿದ ಮೇಲೆ ಹಾಗಲ್ಲ ಅಂತ ತಿಳಿಯಿತು. ಅಲ್ಲಿ 2006ರಲ್ಲಿ ಒಂಬತ್ತನೇ ಕ್ಲಾಸಿಗೆ ಸೇರಿದ ಹುಡುಗಿಯರಿಗೆ ಸೈಕಲ್ ತೆಗೆದುಕೊಳ್ಳಲು ಸರ್ಕಾರ ದುಡ್ಡು ಕೊಟ್ಟಿತು. ಶಾಲೆ ಹೊಸದಲ್ಲ, ಮೇಷ್ಟ್ರೂ ಹೊಸಬರಲ್ಲ, ಪಠ್ಯವೂ ಅದೇ. ಬರೀ ಒಂದು ಸೈಕಲ್. ಕಾರ್ತಿಕ್ ಮುರಳೀಧರನ್ ಮತ್ತು ನಿಶಿತ್ ಪ್ರಕಾಶ್ ಎಂಬ ಅರ್ಥಶಾಸ್ತ್ರಜ್ಞರು ಲೆಕ್ಕ ಹಾಕಿ ನೋಡಿದರು. ಹೈಸ್ಕೂಲಿಗೆ ಸೇರುವ ಹುಡುಗಿಯರ ಪ್ರಮಾಣ ಶೇ. 32ರಷ್ಟು ಏರಿತ್ತು. ಹುಡುಗ ಹುಡುಗಿಯರ ನಡುವಿನ ಅಂತರ ಶೇ. 40ರಷ್ಟು ಇಳಿದಿತ್ತು. ಅದರಲ್ಲೂ ಈ ಬದಲಾವಣೆ ಜಾಸ್ತಿ ಕಂಡದ್ದು ಎಲ್ಲಿ ಗೊತ್ತಾ? ಹೈಸ್ಕೂಲು 3 ಕಿಲೋಮೀಟರಿಗಿಂತ ದೂರ ಇದ್ದ ಹಳ್ಳಿಗಳಲ್ಲಿ.

ಅಫ್ಘಾನಿಸ್ತಾನದ ಗೋರ್ ಪ್ರಾಂತ ಬೆಟ್ಟಗಳ ನಾಡು. 2007ರಲ್ಲಿ ಅಲ್ಲಿನ ಕೆಲವು ಹಳ್ಳಿಗಳಲ್ಲಿ, ಹಳ್ಳಿಯ ಒಳಗೇ, ಒಂದು ಕೋಣೆಯಲ್ಲಿ ಶಾಲೆ ಶುರು ಮಾಡಿದರು. ಶಾಲೆಗೆ ಹೋಗುವ ಹುಡುಗರಿಗೂ ಹುಡುಗಿಯರಿಗೂ ನಡುವೆ ಅಲ್ಲಿ ನೂರಕ್ಕೆ 21ರ ಅಂತರ ಇತ್ತು. ಶಾಲೆ ಊರೊಳಗೆ ಬಂದದ್ದೇ ತಡ, ಆ ಅಂತರ ಇಲ್ಲವಾಯಿತು. ಅಪ್ಪಂದಿರು ಮಗಳನ್ನು ಓದಿಸಬಾರದು ಅಂತ ಕೂತಿರಲಿಲ್ಲ. ಅಷ್ಟು ದೂರ ಕಳಿಸಲು ಅವರಿಗೆ ಧೈರ್ಯ ಇರಲಿಲ್ಲ, ನಮ್ಮ ಅಜ್ಜನ ಹಾಗೆ. ಅದೇ ದೇಶದಲ್ಲಿ 2021ರ ನಂತರ ಆರನೇ ಕ್ಲಾಸಿನ ಮೇಲೆ ಹುಡುಗಿಯರಿಗೆ ಶಾಲೆಯೇ ಇಲ್ಲ. 2022ರ ಡಿಸೆಂಬರಿನಲ್ಲಿ ಕಾಲೇಜಿನ ಬಾಗಿಲನ್ನೂ ಮುಚ್ಚಿದರು. 2024ರ ಕೊನೆಗೆ ನರ್ಸಿಂಗ್ ಮತ್ತು ಹೆರಿಗೆ ಮಾಡಿಸುವ ತರಬೇತಿಯನ್ನೂ ನಿಲ್ಲಿಸಿದರು. ಹೆಂಗಸನ್ನು ಗಂಡಸು ಡಾಕ್ಟರ್ ಮುಟ್ಟಿ ನೋಡುವುದೇ ಕಷ್ಟ ಇರುವ ಊರಲ್ಲಿ ಇನ್ನು ಹತ್ತು ವರ್ಷ ಕಳೆದು ಹೆರಿಗೆ ಯಾರು ಮಾಡಿಸುತ್ತಾರೆ? ಇದನ್ನು ನೆನೆದರೆ ನನಗೆ ನಿಜವಾಗಿ ಹೊಟ್ಟೆ ಉರಿಯುತ್ತದೆ. ಹುಡುಗಿಯರ ಶಾಲೆಯ ಬಾಗಿಲು ಮುಚ್ಚಿದ್ದು, ಆಸ್ಪತ್ರೆಯ ಬಾಗಿಲನ್ನೂ ಮುಚ್ಚಿದ ಹಾಗೇ ಆಯಿತು.

ಓದು ಮತ್ತು ಆರೋಗ್ಯವನ್ನು ಬೇರೆ ಬೇರೆ ಮಾಡದೆ ಒಟ್ಟಿಗೆ ಹೇಳುತ್ತಿರುವುದು ಅದಕ್ಕೇ. ಎರಡಕ್ಕೂ ಹೋಗುವ ದಾರಿ ಒಂದೇ. ಆ ದಾರಿಯಲ್ಲಿ ಅವಳನ್ನು ತಡೆಯುವ ಸಂಗತಿಗಳೂ ಅವೇ. ಜೊತೆಗೆ ಯಾರು? ಬರುವಾಗ ಕತ್ತಲೆ ಆದರೆ? ಅಷ್ಟು ಹೊತ್ತು ಮನೆಯ ಕೆಲಸ ಯಾರು ಮಾಡುತ್ತಾರೆ?

ಮನೆಯ ಕೆಲಸ ಅಂದೆ. ನೀರಿನಿಂದ ನೋಡಿ. ಮನೆಯ ಆವರಣದಲ್ಲಿ ನೀರಿಲ್ಲದ ಜನ ಲೋಕದಲ್ಲಿ 180 ಕೋಟಿ ಇದ್ದಾರೆ ಅಂತ ವಿಶ್ವ ಆರೋಗ್ಯ ಸಂಸ್ಥೆ ಮತ್ತು ಯುನಿಸೆಫ್ 2023ರಲ್ಲಿ ಹೇಳಿದವು. ಅಂಥ 10 ಮನೆಗಳಲ್ಲಿ 7ರಲ್ಲಿ ನೀರು ತರುವುದು ಹೆಂಗಸರು, ಹುಡುಗಿಯರು. ನಮ್ಮ ಕಡೆಯವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಈ ಗುಡ್ಡಗಳಲ್ಲಿ ಸುರಂಗ ಇದ್ದ ಮನೆ, ಇಲ್ಲದ ಮನೆ ಅಂತ ಎರಡು ಜಾತಿ. ಗುಡ್ಡದ ಹೊಟ್ಟೆಯನ್ನು ಅಡ್ಡಕ್ಕೆ ಕೊರೆದು, ಒಸರುವ ನೀರನ್ನು ಅಡಿಕೆ ದಂಬೆಯಲ್ಲಿ ಅಂಗಳದವರೆಗೆ ಹರಿಸುತ್ತಿದ್ದರು. ದಂಬೆಯ ನೀರು ಅಂಗಳಕ್ಕೆ ಬೀಳುವ ಮನೆಯ ಹುಡುಗಿ ಬೆಳಿಗ್ಗೆ ತಲೆ ಬಾಚಿ ಶಾಲೆಗೆ ಬರುತ್ತಿದ್ದಳು. ಕೆಳಗಿನ ತೋಡಿನಿಂದ ಕೊಡ ಹೊರುವ ಮನೆಯ ಹುಡುಗಿ ಎರಡನೇ ಪಿರಿಯಡಿಗೆ ಬರುತ್ತಿದ್ದಳು. ಗಣಿತ ಮೊದಲ ಪಿರಿಯಡು. ಅವಳಿಗೆ ಗಣಿತ ಬರುವುದಿಲ್ಲ ಅಂತ ನಾನೇ ಎಷ್ಟೋ ಸಲ ಬರೆದಿದ್ದೇನೆ. ಅವಳಿಗೆ ಬರದಿದ್ದದ್ದು ಗಣಿತ ಅಲ್ಲ. ಇದು ಗೊತ್ತಾಗಲು ನನಗೆ ಹತ್ತು ವರ್ಷ ಬೇಕಾಯಿತು.

ಇನ್ನೊಂದು ವಿಷಯವೂ ಶಾಲೆಯಲ್ಲೇ ನನ್ನ ಕಣ್ಣಿಗೆ ಬಿದ್ದದ್ದು. ಹತ್ತರಿಂದ ಹತ್ತೊಂಬತ್ತು ವರ್ಷದ ಮಕ್ಕಳಿಗೆ ವಾರಕ್ಕೊಂದು ಕಬ್ಬಿಣಾಂಶದ ಮಾತ್ರೆ ಕೊಡುವ ಯೋಜನೆ ನಿಮಗೆ ಗೊತ್ತು. ನೀಲಿ ಮಾತ್ರೆ. ಒಂದು ದಿನ ಕ್ಲಾಸಿನ ಹಿಂದೆ, ಕಿಟಕಿಯ ಕೆಳಗೆ, ಮಳೆನೀರು ಬಿದ್ದು ಮಣ್ಣು ನೀಲಿ ಆಗಿತ್ತು. ಬಗ್ಗಿ ನೋಡಿದರೆ ಕರಗಿದ ಮಾತ್ರೆಗಳು, ಹತ್ತಿಪ್ಪತ್ತು. ಮೊದಲು ಸಿಟ್ಟು ಬಂತು. ಆಮೇಲೆ ಒಬ್ಬಳನ್ನು ಹತ್ತಿರ ಕರೆದು ಕೇಳಿದೆ. "ತಿಂದರೆ ವಾಂತಿ ಬರ್ತದೆ ಟೀಚರೇ" ಅಂದಳು. ಬೆಳಿಗ್ಗೆ ಎಂತ ತಿಂದದ್ದು? ಏನೂ ಇಲ್ಲ. ಯಾಕೆ? ಐದಕ್ಕೆ ಏಳುತ್ತಾಳೆ, ಅಮ್ಮನ ಜೊತೆ ಬೀಡಿಗೆ ಎಲೆ ಕತ್ತರಿಸುತ್ತಾಳೆ. ತಮ್ಮನಿಗೂ ಅಪ್ಪನಿಗೂ ದೋಸೆ ಎರೆಯುತ್ತಾಳೆ. ತಾನು ತಿನ್ನುವ ಹೊತ್ತಿಗೆ ಬಸ್ಸಿನ ಹಾರ್ನ್ ಕೇಳುತ್ತದೆ. ಖಾಲಿ ಹೊಟ್ಟೆಗೆ ಕಬ್ಬಿಣದ ಮಾತ್ರೆ ಹಾಕಿದರೆ ಹೊಟ್ಟೆ ತೊಳಸುತ್ತದೆ, ಅದು ಸಹಜ. ಅದೇ ಕ್ಲಾಸಿನ ಹುಡುಗರು ತಿಂದು ಬರುತ್ತಿದ್ದರು. ಅವತ್ತಿನಿಂದ ನಾವು ಮಾತ್ರೆಯನ್ನು ಮಧ್ಯಾಹ್ನ, ಗಂಜಿ ಉಂಡ ಮೇಲೆ ಕೊಡಲು ಶುರು ಮಾಡಿದೆವು. ಕಿಟಕಿಯ ಕೆಳಗೆ ಮತ್ತೆ ನೀಲಿ ಕಾಣಲಿಲ್ಲ.

ರಕ್ತಹೀನತೆಯ ಲೆಕ್ಕ ಹೇಳುತ್ತೇನೆ, ಇದನ್ನು ದಯವಿಟ್ಟು ನೆನಪಿಡಿ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ 15ರಿಂದ 49 ವರ್ಷದ ಹೆಂಗಸರಲ್ಲಿ ನೂರಕ್ಕೆ 57 ಜನರಿಗೆ ರಕ್ತ ಕಮ್ಮಿ. ಅದೇ ವಯಸ್ಸಿನ ಗಂಡಸರಲ್ಲಿ ನೂರಕ್ಕೆ 25. ಕೇರಳದಲ್ಲಿ ಹೆಂಗಸರದು 36ರ ಆಸುಪಾಸು. ದೇಶಕ್ಕಿಂತ ಎಷ್ಟೋ ವಾಸಿ. ಆದರೆ ಮೂವರಲ್ಲಿ ಒಬ್ಬರು ಅಂತ ಆಯಿತಲ್ಲ? ಈ ಮುಂದಿನ ಸಾಲಿನಲ್ಲಿ ಹನ್ನೆರಡು ಜನ ಕೂತಿದ್ದೀರಿ. ಮುಟ್ಟು, ಹೆರಿಗೆ ಎರಡರಲ್ಲೂ ರಕ್ತ ಹೋಗುತ್ತದೆ, ಅದು ಶರೀರದ ಕ್ರಮ. ಹೋದದ್ದು ಮತ್ತೆ ತುಂಬಬೇಕಾದರೆ ಮೀನು, ಬಸಳೆ, ಕಾಳು ಹೊಟ್ಟೆಗೆ ಬೀಳಬೇಕು. ಎಲ್ಲರಿಗೂ ಬಡಿಸಿ ಆದ ಮೇಲೆ ಪಾತ್ರೆಯಲ್ಲಿ ಸಾರು ಉಳಿಯುತ್ತದೆ, ಮೀನಿನ ತುಂಡು ಉಳಿಯುವುದಿಲ್ಲ. "ಸುಸ್ತು" ಅಂತ ಹೇಳುತ್ತೀರಿ. ಸುಸ್ತು ಹೆಂಗಸರಿಗೆ ಇದ್ದದ್ದೇ ಅಂತ ನಮ್ಮಲ್ಲಿ ಒಂದು ನಂಬಿಕೆ. ಅಲ್ಲ, ಅದು ಕಾಯಿಲೆ. ಅದಕ್ಕೆ ಮದ್ದು ಉಂಟು, ಅದೂ ಅಗ್ಗದ್ದು.

ಈಗ ಆಸ್ಪತ್ರೆಯ ದಾರಿಗೆ ಬರುತ್ತೇನೆ. ದೆಹಲಿಯ ಏಮ್ಸ್ ಆಸ್ಪತ್ರೆಯ 2016ರ ಹೊರರೋಗಿಗಳ ದಾಖಲೆಯನ್ನು ಕೆಲವು ಸಂಶೋಧಕರು ನೋಡಿ 2019ರಲ್ಲಿ ಪ್ರಕಟಿಸಿದರು. ಸುಮಾರು 24 ಲಕ್ಷ ಭೇಟಿಗಳು. ಒಬ್ಬ ಹೆಂಗಸು ಬಂದರೆ ಗಂಡಸರು 1.69. ಬರಬೇಕಾಗಿದ್ದು ಬಾರದೆ ಉಳಿದ ಹೆಂಗಸರ ಲೆಕ್ಕ ಹಾಕಿದರು: 4 ಲಕ್ಷಕ್ಕೂ ಜಾಸ್ತಿ. ಊರು ದೆಹಲಿಯಿಂದ ದೂರ ಆದ ಹಾಗೆ ಈ ಅಂತರ ದೊಡ್ಡದಾಗುತ್ತಾ ಹೋಗಿತ್ತು. ಬಿಹಾರದಿಂದ ಬಂದವರಲ್ಲಿ ಹೆಂಗಸರು ಇನ್ನೂ ಕಮ್ಮಿ. ಬಿಹಾರದ ಹೆಂಗಸರಿಗೆ ಕಾಯಿಲೆ ಕಮ್ಮಿ ಅಂತಲ್ಲ. ಗಂಡನ ಕಾಯಿಲೆಗೆ ಹೊಲ ಅಡವಿಟ್ಟು ರೈಲು ಹತ್ತುತ್ತಾರೆ. ಹೆಂಡತಿಯ ಕಾಯಿಲೆಗೆ "ನೋಡುವ, ಗದ್ದೆ ಕೆಲಸ ಮುಗಿಯಲಿ" ಅನ್ನುತ್ತಾರೆ. ಎಷ್ಟೋ ಸಲ ಹಾಗೆ ಅನ್ನುವವಳು ಹೆಂಡತಿಯೇ. ಅದೇ ಕುಟುಂಬ ಸಮೀಕ್ಷೆಯಲ್ಲಿ ಇನ್ನೊಂದು ಪ್ರಶ್ನೆ ಇತ್ತು: ಸಂತೆಗೆ, ಆಸ್ಪತ್ರೆಗೆ, ಊರ ಹೊರಗೆ, ಈ ಮೂರು ಕಡೆಗೂ ನಿಮಗೆ ಒಬ್ಬರೇ ಹೋಗಲು ಬಿಡುತ್ತಾರಾ? ಹೌದು ಅಂದವರು ನೂರಕ್ಕೆ 42.

ಹೆರಿಗೆಯಲ್ಲಿ ಸಾಯುವ ತಾಯಂದಿರ ಬಗ್ಗೆ ಸೆರೀನ್ ಥ್ಯಾಡಿಯಸ್, ಡೆಬೊರಾ ಮೈನ್ ಎಂಬ ಇಬ್ಬರು ಹೆಂಗಸರು 1994ರಲ್ಲಿ ಬರೆದದ್ದನ್ನು ಇವತ್ತಿಗೂ ಎಲ್ಲ ಕಡೆ ಹೇಳಿಕೊಡುತ್ತಾರೆ. ಸಾವಿಗೆ ಮೂರು ತಡಗಳು ಕಾರಣ ಅಂತ ಅವರು ವಿವರಿಸಿದರು. ಆಸ್ಪತ್ರೆಗೆ ಹೋಗೋಣ ಅಂತ ಮನೆಯಲ್ಲಿ ತೀರ್ಮಾನ ಆಗುವುದು ತಡ. ಹೊರಟ ಮೇಲೆ ತಲುಪುವುದು ತಡ. ತಲುಪಿದ ಮೇಲೆ ಚಿಕಿತ್ಸೆ ಸಿಗುವುದು ತಡ. 2023ರಲ್ಲಿ ಲೋಕದಲ್ಲಿ ಸುಮಾರು 2,60,000 ಹೆಂಗಸರು ಬಸಿರು, ಬಾಣಂತನದ ತೊಂದರೆಯಲ್ಲಿ ತೀರಿಹೋದರು. ದಿನಕ್ಕೆ 700ಕ್ಕೂ ಜಾಸ್ತಿ. ನೂರರಲ್ಲಿ 92 ಸಾವು ಬಡ ಮತ್ತು ಕೆಳಮಧ್ಯಮ ಆದಾಯದ ದೇಶಗಳಲ್ಲಿ.

ಸಾಯದೆ ಉಳಿದವರ ಕತೆ ಇನ್ನೊಂದು. ಇಥಿಯೋಪಿಯಾದ ಹಳ್ಳಿಗಳಲ್ಲಿ ಮಗು ಹೊರಗೆ ಬರಲಾಗದೆ ಸಿಕ್ಕಿಕೊಂಡು ಎರಡು ಮೂರು ದಿನ ನೋವು ತಿಂದವರಿಗೆ ಮಗುವಿನ ತಲೆ ಒತ್ತಿ ಒತ್ತಿ ಒಳಗೆ ತೂತಾಗುತ್ತದೆ. ಮಗು ಉಳಿಯುವುದಿಲ್ಲ. ಆಮೇಲೆ ಅವಳಿಗೆ ಮೂತ್ರ ನಿಲ್ಲುವುದಿಲ್ಲ, ಸುಮ್ನೆ ಹೋಗುತ್ತಾ ಇರುತ್ತದೆ. ವಾಸನೆ ಅಂತ ಗಂಡ ಬಿಡುತ್ತಾನೆ, ಬಸ್ಸಿನವರು ಹತ್ತಿಸುವುದಿಲ್ಲ. ಆಸ್ಟ್ರೇಲಿಯಾದಿಂದ ಹೋದ ಡಾಕ್ಟರ್ ಕ್ಯಾಥರಿನ್ ಹ್ಯಾಮ್ಲಿನ್ ಗಂಡನ ಜೊತೆ ಸೇರಿ 1974ರಲ್ಲಿ ಅಡಿಸ್ ಅಬಾಬಾದಲ್ಲಿ ಇದಕ್ಕಾಗಿಯೇ ಆಸ್ಪತ್ರೆ ತೆರೆದರು. 2020ರಲ್ಲಿ ತೀರಿಹೋಗುವವರೆಗೆ ಅಲ್ಲೇ ಇದ್ದರು. ಒಂದು ಸಣ್ಣ ಶಸ್ತ್ರಚಿಕಿತ್ಸೆಯಿಂದ ಸಾವಿರಾರು ಜನ ಸರಿಯಾದರು. ಹೊತ್ತಿಗೆ ಸರಿಯಾಗಿ ಸಿಸೇರಿಯನ್ ಮಾಡುವ ಜಾಗ ತಲುಪಿದ್ದರೆ ಅದೂ ಬೇಕಿರಲಿಲ್ಲ.

ಬಡ ದೇಶಗಳಲ್ಲಿ ಆಗುವುದಿಲ್ಲ ಅಂತ ಯಾರಾದರೂ ಹೇಳಿದರೆ ಶ್ರೀಲಂಕಾ ನೋಡಿ ಅನ್ನಿ. 1930ರ ದಶಕದಲ್ಲಿ ಅಲ್ಲಿ ಲಕ್ಷ ಹೆರಿಗೆಗೆ ಸಾವಿರಕ್ಕೂ ಜಾಸ್ತಿ ತಾಯಂದಿರು ಸಾಯುತ್ತಿದ್ದರು. ಇವತ್ತು 50ಕ್ಕಿಂತ ಕಮ್ಮಿ. ದೇಶ ಶ್ರೀಮಂತ ಆಗುವವರೆಗೆ ಅವರು ಕಾಯಲಿಲ್ಲ. ತರಬೇತಿ ಪಡೆದ ಸೂಲಗಿತ್ತಿಯನ್ನು ಹಳ್ಳಿ ಹಳ್ಳಿಗೆ ಕಳಿಸಿದರು. 1945ರಲ್ಲಿ ಶಾಲೆಯ ಫೀಸು ತೆಗೆದುಹಾಕಿದರು. ರುವಾಂಡ 2011ರಲ್ಲಿ ಗರ್ಭಕೊರಳಿನ ಕ್ಯಾನ್ಸರ್ ತಡೆಯುವ ಲಸಿಕೆಯನ್ನು ಪ್ರಾಥಮಿಕ ಶಾಲೆಯ ಹುಡುಗಿಯರಿಗೆ ಕೊಡಲು ಶುರು ಮಾಡಿತು. ಮೊದಲ ವರ್ಷವೇ ನೂರರಲ್ಲಿ 90ಕ್ಕೂ ಜಾಸ್ತಿ ಹುಡುಗಿಯರಿಗೆ ಸಿಕ್ಕಿತು. ಹೇಗೆ? ಹುಡುಗಿಯರು ಶಾಲೆಯಲ್ಲಿ ಇದ್ದರು, ಅಲ್ಲೇ ಹೋಗಿ ಚುಚ್ಚಿದರು. ಶಾಲೆಗೆ ಬಾರದವರನ್ನು ಊರಲ್ಲಿ ಹುಡುಕಿದರು.

ಕೇರಳದಲ್ಲಿ ಇದ್ದುಕೊಂಡು ಈ ಮಾತೆಲ್ಲ ಯಾಕೆ ಅಂತ ಕೇಳಬಹುದು. ನಮ್ಮ ರಾಜ್ಯದಲ್ಲಿ 2018–20ರ ಲೆಕ್ಕದಂತೆ ಲಕ್ಷ ಹೆರಿಗೆಗೆ 19 ತಾಯಂದಿರ ಸಾವು. ದೇಶದ್ದು 97, ಅಸ್ಸಾಮಿನದ್ದು 195. ಇದು ದೊಡ್ಡ ಸಾಧನೆ, ನನಗೆ ಅದರ ಹೆಮ್ಮೆ ಉಂಟು. ತಿರುವಾಂಕೂರಿನ ರಾಣಿ ಗೌರಿ ಪಾರ್ವತಿ ಬಾಯಿ 1817ರಲ್ಲೇ ಓದಿನ ಖರ್ಚು ಸರ್ಕಾರದ್ದು ಅಂತ ಆಜ್ಞೆ ಮಾಡಿದ್ದರು. ಅಲ್ಲಿ ಮೇರಿ ಪುನ್ನನ್ ಲೂಕೋಸ್ ಎಂಬ ಹೆಂಗಸು ಡಾಕ್ಟರ್ ಇಡೀ ಸಂಸ್ಥಾನದ ಆರೋಗ್ಯ ಇಲಾಖೆ ನಡೆಸಿದರು. ಆದರೆ ನಾವು ಆಗ ಅಲ್ಲಿ ಇರಲಿಲ್ಲ ಅಲ್ವಾ? ನಾವು ಮದರಾಸು ಪ್ರಾಂತದ ದಕ್ಷಿಣ ಕನ್ನಡ. ಕೇರಳಕ್ಕೆ ಸೇರಿದ್ದು 1956ರ ನವೆಂಬರ್ 1ಕ್ಕೆ. ಕಾಸರಗೋಡು ಜಿಲ್ಲೆ ಆದದ್ದು 1984ರಲ್ಲಿ. ರಾಜಧಾನಿ ರಾಜ್ಯದ ಆ ತುದಿಯಲ್ಲಿ, ನಾವು ಈ ತುದಿಯಲ್ಲಿ. ದೊಡ್ಡ ಕಾಯಿಲೆ ಬಂದರೆ ನಮಗೆ ಇವತ್ತಿಗೂ ಮಂಗಳೂರು. 2020ರ ಮಾರ್ಚಿನಲ್ಲಿ ಕೊರೋನಾ ಅಂತ ಕರ್ನಾಟಕದವರು ಗಡಿಯ ರಸ್ತೆಗೆ ಮಣ್ಣು ಸುರಿದಾಗ ಇದು ಎಲ್ಲರಿಗೂ ಗೊತ್ತಾಯಿತು. ಗಡಿಯ ತಲಪಾಡಿ ದಾಟಲಾಗದೆ ರೋಗಿಗಳು ದಾರಿಯಲ್ಲೇ ತೀರಿಹೋದರು.

ನಮ್ಮ ಹೆಂಗಸರು ಈಗ ಹೆರಿಗೆಯಲ್ಲಿ ಸಾಯುವುದು ಅಪರೂಪ. ಹೆರಿಗೆಗೆ ಎಲ್ಲರೂ ಓಡುತ್ತಾರೆ, ಜೀಪು ತರುತ್ತಾರೆ, ಯಾಕೆಂದರೆ ಅಲ್ಲಿ ಮಗು ಉಂಟು. ಹೆತ್ತು, ಸಾಕಿ, ಮುಟ್ಟು ನಿಂತ ಮೇಲೆ ಅವಳ ಶರೀರ ಯಾರದ್ದು? ನಾನು ಇವತ್ತು ಮುಖ್ಯವಾಗಿ ಹೇಳಲು ಬಂದದ್ದು ಇದನ್ನೇ.

ನಮ್ಮ ನೆರೆಮನೆಯಲ್ಲಿ ಒಬ್ಬರು ಇದ್ದರು. ಬೀಡಿ ಕಟ್ಟಿ ಮೂರು ಮಕ್ಕಳನ್ನು ಓದಿಸಿದವರು. ಮಗಳು ಮಂಗಳೂರಿನಲ್ಲಿ ನರ್ಸಿಂಗ್ ಮುಗಿಸಿ ಗಲ್ಫಿಗೆ ಹೋಗಿದ್ದಳು. ಇವರಿಗೆ 56 ವರ್ಷ. ಒಂದು ದಿನ ಬಸ್ ಸ್ಟಾಪಿನಲ್ಲಿ ಸಿಕ್ಕಿದರು, ಮಗನ ಜೊತೆ ಆಸ್ಪತ್ರೆಗೆ ಹೊರಟಿದ್ದರು. ನಾನೂ ಬಿಪಿ ಮಾತ್ರೆಗೆ ಅಲ್ಲಿಗೇ ಹೊರಟಿದ್ದೆ. ಒಟ್ಟಿಗೆ ಕೋಣೆಯ ಹೊರಗೆ ಕೂತೆವು. ಕರೆದಾಗ ಮಗನೂ ಒಳಗೆ ಹೋದ. ಬಾಗಿಲಿಗೆ ಬರೀ ಒಂದು ಪರದೆ, ಎಲ್ಲ ಕೇಳುತ್ತಿತ್ತು. ಡಾಕ್ಟರ್ ಮಲಯಾಳದಲ್ಲಿ ಕೇಳಿದರು. ಒಳ್ಳೆಯ ಹುಡುಗ, ಸಮಾಧಾನವಾಗಿಯೇ ಕೇಳಿದರು. ಮಗ ತುಳುವಿನಲ್ಲಿ ಅಮ್ಮನಿಗೆ ಹೇಳಿದ. ಇವರು "ಹೊಟ್ಟೆನೋವು" ಅಂದರು. ಮಗ ಅದನ್ನೇ ಮಲಯಾಳದಲ್ಲಿ ಹೇಳಿದ. ಗ್ಯಾಸಿನ ಮಾತ್ರೆ ಬರೆದುಕೊಟ್ಟರು.

ಬಸ್ಸಿನಲ್ಲಿ ವಾಪಸ್ ಬರುವಾಗ ಮಗ ಮುಂದೆ ಕೂತಿದ್ದ. ಇವರು ನನ್ನ ಕಿವಿಯ ಹತ್ತಿರ ಹೇಳಿದರು. ಮುಟ್ಟು ನಿಂತು ಆರು ವರ್ಷ ಆಗಿದೆ. ಆದರೂ ಎಂಟು ತಿಂಗಳಿಂದ ನಡುನಡುವೆ ರಕ್ತ ಹೋಗುತ್ತಿದೆ. "ಅಯ್ಯೋ, ಅದನ್ನು ಡಾಕ್ಟರಿಗೆ ಹೇಳಬಾರದಿತ್ತಾ?" ಅಂದೆ. "ಮಗನ ಎದುರು ಹೇಗೆ ಹೇಳುದು ಟೀಚರೇ? ಅವ ಹೇಗೆ ಅದನ್ನು ಮಲಯಾಳದಲ್ಲಿ ಹೇಳುದು?" ಅಂದರು. ಮಡಿಲಲ್ಲಿ ಮದ್ದಿನ ಪೊಟ್ಟಣ ಇತ್ತು. ಬೀಡಿ ಕಟ್ಟಿ ಕಟ್ಟಿ ಹೆಬ್ಬೆರಳಿನ ಉಗುರು ಒಂದು ಪಕ್ಕಕ್ಕೆ ಸವೆದಿತ್ತು. ಆ ಉಗುರಿನಿಂದ ಪೊಟ್ಟಣದ ಮಡಿಕೆಯನ್ನು ಒತ್ತುತ್ತಾ ಇದ್ದರು.

ಎಂಟು ತಿಂಗಳು ಯಾಕೆ ತಡ ಮಾಡಿದಿರಿ ಅಂತ ಕೇಳಿದೆ. ಮೊದಲು ಅಡಿಕೆ ಸುಲಿಯುವ ಕೆಲಸ ಇತ್ತು. ಆಮೇಲೆ ಚಿಕ್ಕವಳ ಪ್ಲಸ್ ಟು ಪರೀಕ್ಷೆ. ಆಮೇಲೆ ಮಳೆ. ಥ್ಯಾಡಿಯಸ್ ಮತ್ತು ಮೈನ್ ಹೇಳಿದ ಮೂರೂ ತಡಗಳು ನನ್ನ ಪಕ್ಕದ ಸೀಟಿನಲ್ಲೇ ಕೂತಿದ್ದವು. ಮೂರನೆಯದಕ್ಕೆ ನಮ್ಮ ಗಡಿಯಲ್ಲಿ ಇನ್ನೊಂದು ಮುಖ ಉಂಟು, ಅದು ಭಾಷೆ. ಡಾಕ್ಟರಿಂದ ಅವರಿಗೆ ಇದ್ದದ್ದು ಎರಡು ಅಡಿ ದೂರ. ಆ ಎರಡು ಅಡಿ ಅವರಿಂದ ದಾಟಲಾಗಲಿಲ್ಲ.

ಮರುವಾರ ನಾನೇ ಮಂಗಳೂರಿಗೆ ಕರೆದುಕೊಂಡು ಹೋದೆ. ಗರ್ಭಕೊರಳಿನ ಕ್ಯಾನ್ಸರ್, ಆಗಲೇ ಹರಡಿತ್ತು. ಎರಡು ಮಳೆಗಾಲ ಬದುಕಿದರು. ಕಾಯಿಲೆ ಇದು ಅಂತ ಹೆಸರು ತಿಳಿದ ದಿನ ಅವರು ಕೇಳಿದ್ದು, "ಮಗಳಿಗೆ ಫೋನು ಮಾಡಿದರೆ ರಜೆ ಹಾಕಿ ಬಂದಾಳು, ಸುಮ್ನೆ ಅವಳಿಗೆ ಖರ್ಚು, ಹೇಳದಿದ್ದರೆ ಆಗದಾ?" ಅಂತ.

ಈ ಕ್ಯಾನ್ಸರಿಗೆ 2022ರಲ್ಲಿ ಲೋಕದಲ್ಲಿ ಸುಮಾರು 3,50,000 ಹೆಂಗಸರು ಸತ್ತರು. ನೂರರಲ್ಲಿ 94 ಸಾವು ನಮ್ಮಂಥ ದೇಶಗಳಲ್ಲಿ. ಬೇಗ ಗೊತ್ತಾದರೆ ಗುಣ ಆಗುವ ಕಾಯಿಲೆ ಇದು. ಒಂದು ದ್ರಾವಣ ಹಚ್ಚಿ ಕಣ್ಣಿನಲ್ಲೇ ನೋಡುವ ಪರೀಕ್ಷೆ ಉಂಟು, ಹತ್ತು ನಿಮಿಷದ ಕೆಲಸ. ದೇಶದಲ್ಲಿ 30ರಿಂದ 49 ವರ್ಷದ ಹೆಂಗಸರಲ್ಲಿ ಒಮ್ಮೆಯಾದರೂ ಈ ಕ್ಯಾನ್ಸರಿನ ತಪಾಸಣೆ ಮಾಡಿಸಿದವರು ನೂರಕ್ಕೆ ಇಬ್ಬರೂ ಇಲ್ಲ, 1.9 ಅಂತ ಸಮೀಕ್ಷೆ ಹೇಳುತ್ತದೆ.

ಎಂಡೋಸಲ್ಫಾನ್ ಕೀಟನಾಶಕದ ಬಗ್ಗೆ ಹೇಳದೆ ಈ ಊರಲ್ಲಿ ಆರೋಗ್ಯದ ಮಾತು ಮುಗಿಯುವುದಿಲ್ಲ. ಗೇರು ತೋಟದ ಮೇಲೆ ಇಪ್ಪತ್ತಕ್ಕೂ ಜಾಸ್ತಿ ವರ್ಷ ಹೆಲಿಕಾಪ್ಟರಿನಿಂದ ವಿಷ ಸುರಿದರು. ವಾಣಿನಗರ, ಪಡ್ರೆ, ಸ್ವರ್ಗ, ಈ ಹೆಸರುಗಳು ಲೋಕಕ್ಕೆ ಗೊತ್ತಾದದ್ದೇ ಹಾಗೆ. ಅದನ್ನು ಕೋರ್ಟಿಗೆ ಎಳೆದದ್ದು ಒಬ್ಬ ಹೆಂಗಸು. ಕೃಷಿ ಇಲಾಖೆಯಲ್ಲಿ ಕೆಲಸದಲ್ಲಿದ್ದ ಲೀಲಾಕುಮಾರಿ ಅಮ್ಮ 1998ರಲ್ಲಿ ನಮ್ಮ ಜಿಲ್ಲೆಯ ಹೊಸದುರ್ಗದ ಮುನ್ಸಿಫ್ ಕೋರ್ಟಿಗೆ ಹೋಗಿ ಸಿಂಪಡಣೆಗೆ ತಡೆ ತಂದರು. 2011ರಲ್ಲಿ ಸುಪ್ರೀಂ ಕೋರ್ಟು ಇಡೀ ದೇಶಕ್ಕೆ ನಿಷೇಧ ಹಾಕಿತು. 2017ರಲ್ಲಿ ಸಂತ್ರಸ್ತರಿಗೆ ತಲಾ 5 ಲಕ್ಷ ಕೊಡಿ ಅಂದಿತು. ಆದರೂ 2019ರ ಜನವರಿ ಕೊನೆಗೆ ಅಮ್ಮಂದಿರು ಮಕ್ಕಳನ್ನು ಎತ್ತಿಕೊಂಡು ರಾಜ್ಯದ ಆ ತುದಿಗೆ ಹೋಗಿ ಸೆಕ್ರೆಟರಿಯೇಟಿನ ಮುಂದೆ ಕೂರಬೇಕಾಯಿತು. ಗಮನಿಸಿ, ಎತ್ತಿಕೊಂಡು ಹೋದವರು ಅಮ್ಮಂದಿರು. ಮಲಗಿದಲ್ಲೇ ಇರುವ ಮಗುವಿಗೆ ಇಪ್ಪತ್ತೈದು ವರ್ಷ ಆದರೂ ಎತ್ತಿ ಸ್ನಾನ ಮಾಡಿಸುವವರು ಅವರೇ. ಅವರ ಸೊಂಟದ ಎಲುಬಿನ ಲೆಕ್ಕ, ಅವರ ನಿದ್ದೆಯ ಲೆಕ್ಕ ಯಾವ ಪಟ್ಟಿಯಲ್ಲೂ ಬಂದಿಲ್ಲ. ಆ ಅಮ್ಮಂದಿರಿಗೆ ಈಗ 60 ಆಗುತ್ತಾ ಬಂತು.

ಆಶಾ ಅಕ್ಕಂದಿರು ಇಬ್ಬರು ಇಲ್ಲಿ ಇದ್ದಾರೆ. ಅವರನ್ನು ನೋಡಿಕೊಂಡು ಇದನ್ನು ಹೇಳಲೇಬೇಕು. ಶ್ರೀಲಂಕಾದ ಸೂಲಗಿತ್ತಿ ಮಾಡಿದ ಕೆಲಸವನ್ನೇ ಇವರು ಮಾಡುತ್ತಿದ್ದಾರೆ, ಆಸ್ಪತ್ರೆಯನ್ನು ಮನೆ ಬಾಗಿಲಿಗೆ ತರುವ ಕೆಲಸ. 2022ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಇವರನ್ನು ಗೌರವಿಸಿತು. 2025ರ ಫೆಬ್ರವರಿಯಲ್ಲಿ ಇವರು ತಿರುವನಂತಪುರದಲ್ಲಿ ಧರಣಿ ಕೂತಾಗ ರಾಜ್ಯ ಕೊಡುವ ಗೌರವಧನ ತಿಂಗಳಿಗೆ 7,000 ಇತ್ತು. ಇವರ ಕೆಲಸಕ್ಕೆ ಸಂಬಳ ಅಂತ ಹೆಸರು ಕೊಡಲು ಇನ್ನೂ ಮನಸ್ಸಿಲ್ಲ. ಮನೆಯೊಳಗೆ ಹೆಂಗಸು ಮಾಡುವ ಕೆಲಸಕ್ಕೆ ಬೆಲೆ ಇಲ್ಲ ಅಂತ ಇದ್ದದ್ದು ಸರ್ಕಾರದ ಕಡತಕ್ಕೂ ಹೋಗಿ ಕೂತಿದೆ.

ಹಿಂದೆ ಕೂತ ಹುಡುಗಿಯರಿಗೆ ಒಂದು ಮಾತು. ನೀವು ಓದುತ್ತಿದ್ದೀರಿ. ದೇಶದಲ್ಲಿ ಕಾಲೇಜು ಸೇರುವ ಪ್ರಮಾಣದಲ್ಲಿ ಹುಡುಗಿಯರು ಹುಡುಗರಿಗಿಂತ ಕೂದಲೆಳೆ ಮುಂದೆ ಇದ್ದೀರಿ, 2021–22ರ ಲೆಕ್ಕದಲ್ಲಿ 28.5 ಮತ್ತು 28.3. ನಮ್ಮ ದೊಡ್ಡಮ್ಮನಿಗೆ ಇದನ್ನು ಹೇಳಿದ್ದರೆ ನಂಬುತ್ತಿರಲಿಲ್ಲ. ನಿಮಗೆ ಮಲಯಾಳವೂ ಬರುತ್ತದೆ, ಕನ್ನಡವೂ ಬರುತ್ತದೆ, ಮನೆಯಲ್ಲಿ ತುಳುವೋ ಕೊಂಕಣಿಯೋ ಮರಾಠಿಯೋ ಬ್ಯಾರಿಯೋ ಉಂಟು. ಅಮ್ಮನ ಜೊತೆ, ಅಜ್ಜಿಯ ಜೊತೆ ಡಾಕ್ಟರ ಕೋಣೆಯೊಳಗೆ ನೀವು ಹೋಗಿ. ಅಣ್ಣ ಹೊರಗೆ ಇರಲಿ. ಅವಳು ಹೇಳಿದ್ದನ್ನು ಅವಳು ಹೇಳಿದ ಹಾಗೇ ಡಾಕ್ಟರಿಗೆ ಹೇಳಿ. ಗಂಡಸರಲ್ಲಿ ನಾನು ಕೇಳುವುದು ಬೇರೆ. ಆಸ್ಪತ್ರೆಗೆ ಹೋಗುವ ದಿನ ಅವಳು ನಾಲ್ಕಕ್ಕೆ ಎದ್ದು ಎಲ್ಲರ ಅಡಿಗೆ ಮಾಡಿಟ್ಟು ಹೋಗುವ ಹಾಗೆ ಮಾಡಬೇಡಿ. ಒಂದು ದಿನದ ಗಂಜಿ ನಿಮಗೆ ಬೇಯಿಸಲು ಬರುತ್ತದೆ.

ಇಷ್ಟು ಹೇಳುವಾಗ ಐದೂಮುಕ್ಕಾಲು ಆಗಿತ್ತು. ಮೇಲಿನ ಗುಡ್ಡಕ್ಕೆ ಕೊನೆಯ ಬಸ್ಸು ಆರೂ ಹತ್ತಕ್ಕೆ. ಅರ್ಧ ಸಭೆ ಎದ್ದಿತು, ನಾನೂ ನಿಲ್ಲಿಸಿದೆ. ಪ್ರಶ್ನೆ ಕೇಳಲು ಹೊತ್ತೇ ಇರಲಿಲ್ಲ.

ನಾನು ಕೈ ತೊಳೆಯಲು ಹಿಂದಿನ ನಳ್ಳಿಯ ಹತ್ತಿರ ಹೋದೆ. ಅಲ್ಲಿ ನಾಲ್ಕು ಜನ ನಿಂತಿದ್ದರು. ಒಬ್ಬರು ಸೆರಗಿನಲ್ಲಿ ಬಾಯಿ ಒರೆಸಿಕೊಂಡು, "ಟೀಚರೇ, ನೀವು ಹೇಳಿದಿರಲ್ಲ, ಮುಟ್ಟು ನಿಂತ ಮೇಲೆ..." ಅಂತ ಶುರು ಮಾಡಿ ನಿಲ್ಲಿಸಿದರು. ಉಳಿದ ಮೂವರೂ ನೆಲ ನೋಡುತ್ತಿದ್ದರು. ನಾಲ್ವರೂ ಒಬ್ಬರಿಗೊಬ್ಬರು ಗೊತ್ತಿದ್ದವರೇ, ಪ್ರತಿ ವಾರ ಕುಟುಂಬಶ್ರೀ ಕೂಟದಲ್ಲಿ ಸೇರುವವರು. ಆದರೆ ಇನ್ನೊಬ್ಬರಿಗೂ ಹಾಗೇ ಆಗುತ್ತಿದೆ ಅಂತ ಅವರಿಗೆ ಗೊತ್ತಾದದ್ದು ಆ ನಳ್ಳಿಯ ಹತ್ತಿರ.

ಗುರುವಾರ ಬೆಳಿಗ್ಗೆ ಎಂಟೂಕಾಲಿನ ಬಸ್ಸಿಗೆ ಮೂವರು ಬಂದರು. ಇಬ್ಬರದ್ದು ಭಯಪಡುವಂಥದ್ದಲ್ಲ ಅಂತ ಲೇಡಿ ಡಾಕ್ಟರ್ ಹೇಳಿದರು. ಒಬ್ಬರಿಗೆ ಇನ್ನೊಂದು ಪರೀಕ್ಷೆ ಆಗಬೇಕು, ಬರೆದುಕೊಟ್ಟಿದ್ದಾರೆ. ನಾಲ್ಕನೆಯವರ ಮನೆಯಲ್ಲಿ ಅವತ್ತು ಅಡಿಕೆ ಕೊಯ್ಯುವವರು ಇದ್ದರು, ಊಟಕ್ಕೆ ಆರು ಜನ. ಅವರ ಜೊತೆ ಬರುವ ಗುರುವಾರ ಹೋಗುತ್ತೇನೆ. ಅವತ್ತಿನ ಅಡಿಗೆ ಮಗ ಮಾಡುತ್ತಾನಂತೆ. ಅವನೇ ಫೋನು ಮಾಡಿ ಬಸ್ಸಿನ ಹೊತ್ತು ಕೇಳಿದ.